ಆಯಿಲ್ ಹಾಕದ ಪೆಟ್ರೋಲ್ ವೀಡ್ ಕಟರ್‌ಗೆ ಹೋಗದಂತೆ ಏನು ಮಾಡಬೇಕು?

ನಿಮ್ಮಲ್ಲಿ ಟೂ ಸ್ಟ್ರೋಕ್ ವೀಡ್ ಕಟರ್ ಇದೆ, ಫೋರ್ ಸ್ಟ್ರೋಕ್ ಪಂಪ್‌ಸೆಟ್ಟೂ ಇದೆ, ಕೆಲಸಕ್ಕೆ ಬರುವವರು ಪೆಟ್ರೋಲ್ ಅದಲುಬದಲು ಮಾಡದಂತೆ ಏನು ಮಾಡಲಿ ಅಂತ ಕೇಳಿದ್ದೀರಿ. ನಮ್ಮ ಅಡಿಕೆ ತೋಟದಲ್ಲಿ ಇದೇ ಆಗಿತ್ತು.

ಕಟರ್‌ಗೆ ಆಯಿಲ್ ಕಲಸಿದ ಪೆಟ್ರೋಲ್, ಪಂಪ್‌ಸೆಟ್‌ಗೆ ಬರೀ ಪೆಟ್ರೋಲ್, ಎರಡರ ಕ್ಯಾನೂ ಒಂದೇ ತರ ಇದ್ದವು, ಅದೂ ಒಂದೇ ಮೂಲೆಯಲ್ಲಿ. ಹುಲ್ಲು ಹೊಡೆಯಲು ಬಂದ ಹುಡುಗ ಬರೀ ಪೆಟ್ರೋಲನ್ನು ಕಟರ್‌ಗೆ ಸುರಿದ. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತು. ಆಮೇಲೆ ಸದ್ದು ಬದಲಾಯಿತು, ಶಕ್ತಿ ಇಳಿಯಿತು, ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು. ಹುಡುಗನ ತಪ್ಪೇನೂ ಇಲ್ಲ. ನೋಡಿದ ಕೂಡಲೇ ಗೊತ್ತಾಗುವ ಹಾಗೆ ಕ್ಯಾನು ಇಟ್ಟಿರಲಿಲ್ಲವಲ್ಲ!

ಟೂ ಸ್ಟ್ರೋಕಿನಲ್ಲಿ ಆಯಿಲ್‌ಗೆ ಬೇರೆ ಜಾಗ ಇರುವುದಿಲ್ಲ. ಪೆಟ್ರೋಲಿನ ಜೊತೆ ಹೋಗುವ ಆಯಿಲೇ ಪಿಸ್ಟನ್‌ಗೂ ಬೇರಿಂಗ್‌ಗೂ ಜಿಡ್ಡು. ಅದಿಲ್ಲದೆ ಕೆಲವೇ ನಿಮಿಷ ಓಡಿದರೂ ಇಂಜಿನ್ ಹಾಳಾಗಬಹುದು. ಉಲ್ಟಾ ಆದರೆ, ಅಂದರೆ ಆಯಿಲ್ ಕಲಸಿದ ಮಿಕ್ಸ್ ಪೆಟ್ರೋಲ್ ಪಂಪ್‌ಸೆಟ್‌ಗೆ ಹೋದರೆ, ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಅದನ್ನು ಸರಿ ಮಾಡಬಹುದು. ಹಾಗಾಗಿ ಜಾಸ್ತಿ ಗಮನ ಕಟರ್‌ನ ಕ್ಯಾನಿನ ಮೇಲಿರಲಿ.

ನಾನೀಗ ಖಾಲಿ ಕ್ಯಾನಿಗೆ ಮನೆಯಲ್ಲೇ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಿನಲ್ಲಿ ಕಲಸುವ ಆಯಿಲ್) ಅಳೆದು ಹಾಕಿ, ಆಮೇಲೆ ಬಂಕಿಗೆ ಒಯ್ಯುತ್ತೇನೆ. ಆಯಿಲ್ ಇಲ್ಲದ ಪೆಟ್ರೋಲ್ ಆ ಕ್ಯಾನಿನೊಳಗೆ ಇರುವ ಹೊತ್ತೇ ಇಲ್ಲ. ಆಯಿಲ್ ಹಾಕಿದ್ದೆನೋ ಇಲ್ಲವೋ ಅನ್ನುವ ಅನುಮಾನವೂ ಬರುವುದಿಲ್ಲ. ನಮ್ಮ ಮಿಷನ್ನಿನ ಪುಸ್ತಕದಲ್ಲಿ 50:1 ಎಂದಿದೆ, ಅಂದರೆ 2 ಲೀಟರಿಗೆ 40 ಎಂ.ಎಲ್. ನಿಮ್ಮದು 25:1 ಇದ್ದರೆ 80 ಬೇಕು, ಪುಸ್ತಕ ನೋಡಿಕೊಳ್ಳಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದರೆ ಸರಿಯಾಗಿ ಬರುತ್ತದೆ. ಬಂಕಿನಲ್ಲಿ ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ.

ಆ ಕ್ಯಾನಿಗೂ ಕಟರ್‌ನ ಮುಚ್ಚಳಕ್ಕೂ ಒಂದೇ ಕೆಂಪು ಬಣ್ಣ ಬಳಿದಿದ್ದೇನೆ. ಓದಲು ಬಾರದವರಿಗೂ ಕೆಂಪಿಗೆ ಕೆಂಪು ಅಂದರೆ ಸಾಕು. ಬರೀ ಪೆಟ್ರೋಲಿನ ಕ್ಯಾನು ಪಂಪ್‌ಸೆಟ್ ಹತ್ತಿರವೇ ಇರುತ್ತದೆ, ಕಟರ್ ಇರುವ ಕೊಟ್ಟಿಗೆಗೆ ಬರುವುದೇ ಇಲ್ಲ. ಚೈನ್‌ಸಾ ಇದ್ದರೆ ಇನ್ನೂ ಹುಷಾರು. ಅದರಲ್ಲಿ ಪೆಟ್ರೋಲಿಗೊಂದು, ಚೈನ್ ಆಯಿಲ್‌ಗೊಂದು, ಎರಡು ಮುಚ್ಚಳ ಇರುತ್ತವೆ.

ಯಾವ ಕ್ಯಾನಿನಲ್ಲಿ ಯಾವುದು ಅಂತ ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಆರಲು ಬಿಡಿ. ಬರೀ ಪೆಟ್ರೋಲ್ ಹೆಚ್ಚುಕಡಿಮೆ ಗುರುತಿಲ್ಲದೆ ಆರುತ್ತದೆ, ಮಿಕ್ಸ್ ಆದರೆ ಎಣ್ಣೆ ಕಲೆ ಉಳಿಯುತ್ತದೆ. ಒಂದೇ ಸಲ ಜಾಸ್ತಿ ಕಲಸಿಡಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಮಳೆಗಾಲದಲ್ಲಿ ನೀರು ಹೀರುತ್ತದೆ. ನಾನು ತಿಂಗಳೊಳಗೆ ಮುಗಿಯುವಷ್ಟೇ ತರುತ್ತೇನೆ.

ಇಷ್ಟಾದರೂ ತಪ್ಪು ಪೆಟ್ರೋಲ್ ಬಿದ್ದರೆ ಸ್ಟಾರ್ಟ್ ಮಾಡಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಮಿಕ್ಸ್ ಹಾಕಿ. ಆಗಲೇ ಓಡಿಸಿದ್ದರೆ ಕೂಡಲೇ ಆಫ್ ಮಾಡಿ, ತಣ್ಣಗಾದ ಮೇಲೆ ಹಗ್ಗ ಎಳೆದು ನೋಡಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಸಡಿಲವಾಗಿದ್ದರೂ ಸೈಲೆನ್ಸರ್ ಬಿಚ್ಚಿಸಿ, ಆ ತೂತಿನಿಂದ ಪಿಸ್ಟನ್ ಮೇಲೆ ಗೀರು ಬಿದ್ದಿದೆಯಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ.