ಬೊಲ್ಶುನೋವ್ ಗೆದ್ದದ್ದು ಮೇಣದಿಂದಲ್ಲ

ಪ್ರಶ್ನೆ: 2022ರ ಬೀಜಿಂಗ್ ಒಲಿಂಪಿಕ್ಸ್‌ನ 30 ಕಿ.ಮೀ. ಸ್ಕಿಯಾಥ್ಲಾನ್ ಎಂಬ ಎರಡು ಶೈಲಿಯ ಸ್ಕೀ ಓಟದಲ್ಲಿ ರಷ್ಯಾದ ಸ್ಕೀಪಟು ಅಲೆಕ್ಸಾಂಡರ್ ಬೊಲ್ಶುನೋವ್ ಆರಂಭದಲ್ಲೇ ಬಿದ್ದರೂ 71 ಸೆಕೆಂಡ್ ಅಂತರದಲ್ಲಿ ಚಿನ್ನ ಗೆದ್ದರು. ಅವರ ಸ್ಕೀಗೆ ಹಚ್ಚುವ ಗುಟ್ಟಿನ ಮೇಣ ಯಾವುದು?

ಇದನ್ನು ಎಷ್ಟನೇ ಸಲ ಕೇಳುತ್ತಿದ್ದೀರೋ! ಗುಟ್ಟಿನ ಮೇಣ ಇದ್ದಿದ್ದರೆ ಐದೇ ದಿನ ಬಿಟ್ಟು 15 ಕಿ.ಮೀ. ಕ್ಲಾಸಿಕ್‌ನಲ್ಲಿ (ಸ್ಕೀಗಳನ್ನು ಸಮಾನಾಂತರವಾಗಿಟ್ಟು ಸಾಗುವ ಶೈಲಿ) ಅವರು ಫಿನ್ಲೆಂಡಿನ ಈವೊ ನಿಸ್ಕನೆನ್ ಎದುರು 23 ಸೆಕೆಂಡ್ ಹಿಂದೆ ಬೀಳುತ್ತಿರಲಿಲ್ಲ. ಸ್ಕಿಯಾಥ್ಲಾನ್‌ನ ಮೊದಲ ಅರ್ಧ ಕ್ಲಾಸಿಕ್. ಆಮೇಲೆ ಸ್ಕೀ, ಕೋಲು ಎರಡನ್ನೂ ಬದಲಿಸಿ ಸ್ಕೇಟಿಂಗ್, ಅಂದರೆ ಸ್ಕೀಯನ್ನು ಪಕ್ಕಕ್ಕೆ ಒತ್ತಿ ಜಾರುವ ಶೈಲಿ. ಕ್ಲಾಸಿಕ್‌ನ ಹುಲಿ ನಿಸ್ಕನೆನ್ ಆ ದಿನ ಎರಡು ನಿಮಿಷ ಹಿಂದೆ ಬಂದು ಕಂಚಿಗೆ ತೃಪ್ತಿಪಟ್ಟರು. ಬೊಲ್ಶುನೋವ್‌ಗೆ ಎರಡೂ ಶೈಲಿ ಸಮನಾಗಿ ಒಲಿದಿವೆ. ಅಂತರ ಹುಟ್ಟಿದ್ದು ಅಲ್ಲಿ.

ಮೇಣದ ಪಾತ್ರ ಇಲ್ಲವೆಂದಲ್ಲ. ಕ್ಲಾಸಿಕ್ ಸ್ಕೀ ನಡುವೆ ಕಮಾನಿನಂತೆ ಬಾಗಿರುತ್ತದೆ. ಎರಡೂ ಸ್ಕೀ ಮೇಲೆ ಸಮಭಾರ ಹಾಕಿ ನಿಂತರೆ ಪಾದದಡಿ ಒಂದು ಹಾಳೆ ಸರಾಗವಾಗಿ ಹೊರಬರಬೇಕು. ಒಂದೇ ಕಾಲಿನ ಮೇಲೆ ಭಾರ ಬಿಟ್ಟರೆ ಹಾಳೆ ಸಿಕ್ಕಿಕೊಳ್ಳಬೇಕು. ಒದೆಯುವಾಗ ಹಿಮ ಹಿಡಿಯುವ ಮೇಣ ಆ ನಡುಭಾಗಕ್ಕೆ ಮಾತ್ರ. ಮುಂದೆ, ಹಿಂದೆ ಜಾರುವ ಮೇಣ. ತೆಳುವಾಗಿ ಹಚ್ಚಿ, ಕಾರ್ಕಿನಿಂದ ಉಜ್ಜಿ, ಮತ್ತೆ ಹಚ್ಚಬೇಕು: ನಾಲ್ಕೈದು ಪದರ. ಒಂದೇ ಸಲ ದಪ್ಪಗೆ ಬಳಿದರೆ, ಸೊನ್ನೆ ಡಿಗ್ರಿ ಆಸುಪಾಸಿನ ಹೊಸ ಹಿಮ ಅದಕ್ಕೆ ಅಂಟಿ ಪಾದದಡಿ ಗಡ್ಡೆಗಟ್ಟುತ್ತದೆ. ಕಡಿಮೆಯಾದರೆ ಏರಿನಲ್ಲಿ ಕಾಲು ಹಿಂದಕ್ಕೆ ಜಾರಿ ಭಾರವೆಲ್ಲ ತೋಳಿಗೆ. ಕೃತಕ ಹಿಮದ ಕಣ ಚೂಪು, ಮೇಣವನ್ನು ಬೇಗ ಕೆರೆದು ಹಾಕುತ್ತದೆ. ಹಾಗಾಗಿ ತಳಕ್ಕೆ ಗಟ್ಟಿಯಾಗಿ ಅಂಟುವ ಪದರವೊಂದನ್ನು ಇಸ್ತ್ರಿಯಿಂದ ಕರಗಿಸಿ ಕೂರಿಸುತ್ತಾರೆ. ಸ್ಕೇಟಿಂಗ್ ಸ್ಕೀಗೆ ಈ ಹಿಡಿತದ ಮೇಣವೇ ಬೇಡ. ಕೋಲೂ ಬೇರೆ: ಕ್ಲಾಸಿಕ್‌ನಲ್ಲಿ ಬೂಟು ಹಾಕಿದ ಎತ್ತರದ ಶೇ 83 ಮೀರುವಂತಿಲ್ಲ, ಸ್ಕೇಟಿಂಗ್‌ಗೆ ಉದ್ದದ್ದು. ‘ಚಾಂಪಿಯನ್ನರ ಮೇಣ’ ಎಂದು ಹೆಸರಿಲ್ಲದ ಡಬ್ಬಿ ಮಾರುವವರಿಗೆ ದುಡ್ಡು ಕೊಡಬೇಡಿ. ಫ್ಲೋರಿನ್ ಇರುವ ಮೇಣವಂತೂ 2023–24ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಿಷಿದ್ಧ.

ಪ್ರಶ್ನೆ: ಬೀಜಿಂಗ್‌ನಲ್ಲಿ ಬೊಲ್ಶುನೋವ್‌ಗೆ 50 ಕಿ.ಮೀ. ಚಿನ್ನ ಬಂದಿದ್ದು 28.4 ಕಿ.ಮೀ. ಓಟಕ್ಕೆ. ಅದೂ ಒಂದು ಚಿನ್ನವೇ?

ಗಾಳಿ, ಚಳಿಗೆ ದೂರ ಕಡಿತವಾಗಿದ್ದು ಎಲ್ಲರಿಗೂ. ಚಿನ್ನವೇ.

ಪ್ರಶ್ನೆ: 2021ರಲ್ಲಿ ಫಿನ್ಲೆಂಡಿನ ಲಾಹ್ತಿಯಲ್ಲಿ ನಡೆದ ರಿಲೇಯಲ್ಲಿ ಬೊಲ್ಶುನೋವ್ ಆ ದೇಶದ ಸ್ಕೀಪಟು ಮಾಕಿಗೆ ಢಿಕ್ಕಿ ಹೊಡೆದದ್ದು ಸಿಟ್ಟಿನ ಸಹಜ ಪ್ರತಿಕ್ರಿಯೆಯಲ್ಲವೇ?

ಅಲ್ಲ. ಗುರಿಯ ಗೆರೆ ದಾಟಿದ ಮೇಲೆ ಮೈಮೇಲೆ ಬೀಳುವುದಕ್ಕೆ ಸಮರ್ಥನೆ ಇಲ್ಲ. ಬೊಲ್ಶುನೋವ್ ಅವರ ತಂಡ ಅನರ್ಹಗೊಂಡದ್ದು ಸರಿ.

ಪ್ರಶ್ನೆ: 2022ರ ಮಾರ್ಚ್‌ನಿಂದ ವಿಶ್ವಕಪ್‌ನಲ್ಲಿ ಕಾಣದ ಬೊಲ್ಶುನೋವ್‌ಗೆ ರಷ್ಯಾದಲ್ಲಿ ಇಷ್ಟು ಅಭಿಮಾನಿಗಳೇಕೆ?

ಉಕ್ರೇನ್ ಮೇಲಿನ ದಾಳಿಯ ನಂತರ ನಿಷೇಧ ಬಂದದ್ದು ರಷ್ಯಾದ ತಂಡಕ್ಕೆ. ದೇಶದೊಳಗಿನ ಸ್ಪರ್ಧೆ ನಿಂತಿಲ್ಲವಲ್ಲ. ಬ್ರ್ಯಾನ್ಸ್ಕ್ ಪ್ರಾಂತ್ಯದ ಹಳ್ಳಿ ಹುಡುಗ, ಎರಡು ಒಲಿಂಪಿಕ್ಸ್‌ಗಳಿಂದ 9 ಪದಕ, 2020 ಮತ್ತು 2021ರಲ್ಲಿ ಸತತ ಎರಡು ಸಮಗ್ರ ವಿಶ್ವಕಪ್. ಆದರೆ 2022ರ ನಂತರದ ಗೆಲುವುಗಳನ್ನು ನಾರ್ವೆಯ ಸ್ಕೀಪಟು ಕ್ಲೇಬೊ ಗೆಲುವುಗಳ ಪಕ್ಕ ಇಟ್ಟು ‘ಯಾರು ದೊಡ್ಡವರು’ ಎಂದು ಕೇಳಬೇಡಿ. ಎದುರಾಗದವರನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಚಕ್ರದ ಸ್ಕೀ ಮೇಲೆ ಅಭ್ಯಾಸ ಮಾಡಬಹುದೇ?

ಬೇಸಿಗೆಯಲ್ಲಿ ಚಾಂಪಿಯನ್ನರೂ ಅದನ್ನೇ ಮಾಡುತ್ತಾರೆ. ಹೆಚ್ಚಿನವುಗಳಲ್ಲಿ ಬ್ರೇಕ್ ಇರುವುದಿಲ್ಲ. ಹೆಲ್ಮೆಟ್ ಹಾಕಿ, ವಾಹನ ಬಾರದ ಸಮತಟ್ಟು ಜಾಗ ಹುಡುಕಿ. ಫ್ಲೈಓವರ್ ಇಳಿಜಾರಿನ ಕಡೆ ತಲೆ ಹಾಕಬೇಡಿ.