ರಾತ್ರಿಯ ಅನ್ನ ಬೆಳಿಗ್ಗೆ ವಾಸನೆ ಬಂದಿಲ್ಲ, ತಿನ್ನಬಹುದಾ?

ಪ್ರಶ್ನೆ: ರಾತ್ರಿ ಎಂಟೂವರೆಗೆ ಊಟ ಮುಗಿಸಿ, ಉಳಿದ ಅನ್ನ ಮತ್ತು ಬೇಳೆ ಹುಳಿಯನ್ನು ಫ್ರಿಜ್ಜಿಗೆ ಇಡೋದು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಎರಡೂ ಚೆನ್ನಾಗೇ ಇದ್ದವು, ಹಳಸಿದ ವಾಸನೆ ಇರಲಿಲ್ಲ. ಅತ್ತೆ "ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡು, ಹುಳಿ ಒಂದು ಕುದಿ ಕುದಿಸು, ನಾವೆಲ್ಲ ತಂಗಳು ತಿಂದೇ ಬೆಳೆದಿದ್ದು" ಎನ್ನುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗು ಇದೆ. ಏನು ಮಾಡಲಿ?
— ಗೃಹಿಣಿ, ದಾವಣಗೆರೆ

ಉತ್ತರ: ಎರಡನ್ನೂ ಚೆಲ್ಲಿಬಿಡಿ. ಅನ್ನ ಚೆಲ್ಲೋಕೆ ಕೈ ಬರಲ್ಲ, ಗೊತ್ತು. ಆದರೂ ಚೆಲ್ಲಿ, ಮಗುವಿಗಂತೂ ಕೊಡಲೇಬೇಡಿ.

ಮೊದಲು ಅನ್ನದ ವಿಷಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ. ಮಣ್ಣಿನಿಂದ ಬಂದವು ಅವು. ಅಕ್ಕಿ ಎಷ್ಟೇ ತೊಳೆದರೂ ಪೂರ್ತಿ ಹೋಗಲ್ಲ, ಅನ್ನ ಬೇಯುವಾಗಲೂ ಎಲ್ಲವೂ ಸಾಯಲ್ಲ. ಬಿಸಿ ಇಳಿದು ಅನ್ನ ಬೆಚ್ಚಗಾದಾಗ ಉಳಿದ ಬೀಜಕಣಗಳು ಮೊಳೆತು ಹೆಚ್ಚುತ್ತಾ ಹೋಗುತ್ತವೆ, ಹೆಚ್ಚುತ್ತಾ ಅನ್ನದೊಳಗೆ ಒಂದು ವಿಷ ಬಿಡುತ್ತವೆ. ತೊಂದರೆ ಇರೋದು ಈ ವಿಷದಲ್ಲಿ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಹಾಳಾಗಲ್ಲ ಅಂತ ಪ್ರಯೋಗಗಳಲ್ಲಿ ಗೊತ್ತಾಗಿದೆ. ಹಾಗಿರುವಾಗ ಚಿತ್ರಾನ್ನದ ಒಗ್ಗರಣೆ ಏನು ಮಾಡೀತು? ನಿಂಬೆರಸ, ಅರಿಶಿನ, ಇಂಗು ಯಾವುದೂ ಆಗಲೇ ಆಗಿಹೋದ ವಿಷವನ್ನು ತೆಗೆಯಲ್ಲ.

ಇದು ಮೊದಲು ಗೊತ್ತಾಗಿದ್ದೂ ಹೆಚ್ಚುಕಡಿಮೆ ಇಂಥದ್ದೇ ಒಂದು ರೂಢಿಯಿಂದ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತಿತ್ತು. ವಿಚಾರಿಸಿದಾಗ, ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಂಟು ಕಟ್ಟುತ್ತದೆ ಅಂತ ಬೇಯಿಸಿದ ಅನ್ನವನ್ನು ರಾತ್ರಿಯೆಲ್ಲ ಹೊರಗೇ ಬಿಟ್ಟು, ಆಮೇಲೆ ಬಾಣಲೆಯಲ್ಲಿ ಬೇಗ ಹುರಿದು ಕೊಡುತ್ತಿದ್ದರು ಅಂತ ತಿಳಿಯಿತು. ನಮ್ಮ ಚಿತ್ರಾನ್ನವೂ ಹೀಗೇ ಅಲ್ವಾ?

ಇನ್ನು ವಾಸನೆ. ಹಳಸಲು ವಾಸನೆ ಬರಿಸುವ, ಲೋಳೆ ಮಾಡುವ ಸೂಕ್ಷ್ಮಜೀವಿಗಳೇ ಬೇರೆ, ಹೊಟ್ಟೆ ಕೆಡಿಸುವವು ಸಾಮಾನ್ಯವಾಗಿ ಬೇರೆ. ವಾಸನೆ ಬಂದರೆ ಚೆಲ್ಲಬೇಕು ಅನ್ನೋದು ಸರಿ. ವಾಸನೆ ಇಲ್ಲದಿದ್ದರೆ ತಿನ್ನಬಹುದು ಅನ್ನೋದು ತಪ್ಪು. ಮೂಗಿಗೂ ನಾಲಿಗೆಗೂ ಗೊತ್ತಾಗದ ಹಾಗೇ ಆಹಾರ ಕೆಟ್ಟಿರಬಹುದು. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಷ್ಟು ಹೊತ್ತು ಹೊರಗಿತ್ತು? 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಬಿಸಿ ಈ ಜೀವಿಗಳಿಗೆ ಹಿತ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 32 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒಂದೇ ಗಂಟೆ ಅಂತ ಇಟ್ಟುಕೊಳ್ಳಿ. ನಿಮ್ಮ ಅನ್ನ ರಾತ್ರಿಯೆಲ್ಲ ಹೊರಗಿತ್ತು.

ಹುಳಿಯ ಕತೆ ಸ್ವಲ್ಪ ಬೇರೆ. ಕುದಿಸಿದರೆ ಅದರಲ್ಲಿ ಬೆಳೆದ ಎಷ್ಟೋ ಜೀವಿಗಳು ಸಾಯುತ್ತವೆ. ಹುಣಸೆಹುಳಿ ಜಾಸ್ತಿ ಇರುವ ತಿಳಿಸಾರಾದರೆ ಆ ಹುಳಿಯಿಂದಲೂ ಒಂದಿಷ್ಟು ತಡೆ ಸಿಗುತ್ತದೆ. ಆದರೆ ಗಟ್ಟಿ ಬೇಳೆ, ತರಕಾರಿ, ರುಬ್ಬಿದ ತೆಂಗಿನಕಾಯಿ ಇರುವ ಹುಳಿಗೆ ಆ ಧೈರ್ಯ ಇಲ್ಲ. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರುವ ದಪ್ಪ ಸಾರು, ಮಾಂಸದ ಸಾರುಗಳಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಜಾತಿಯ ಒಂದು ಬ್ಯಾಕ್ಟೀರಿಯಾ ಸುಮಾರು ಹತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ಮದುವೆ, ಜಾತ್ರೆ ಊಟದ ಮಾರನೆ ದಿನ ಹೊಟ್ಟೆನೋವು, ಭೇದಿ ಅಂತ ಕೇಳುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ ಆಗಿರಬಹುದು. ಕೈಯಿಂದ, ಸೌಟಿನಿಂದ ಸೇರುವ ಸ್ಟೆಫಿಲೋಕಾಕಸ್ ಬಿಡುವ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕೋದಿಲ್ಲ. ಅವರ ಕಾಲದ ತಂಗಳನ್ನ ಒಲೆ ಕಟ್ಟೆಯ ಮೇಲೆ ಸುಮ್ನೆ ಬಿಟ್ಟ ಅನ್ನ ಆಗಿರುತ್ತಿರಲಿಲ್ಲ. ರಾತ್ರಿಯೇ ನೀರು ಹಾಕಿ, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಮುಚ್ಚಿಡುತ್ತಿದ್ದರು. ಮಜ್ಜಿಗೆಯ ಹುಳಿಯಲ್ಲಿ ಕೆಟ್ಟ ಜೀವಿಗಳು ಅಷ್ಟು ಸಲೀಸಾಗಿ ಬೆಳೆಯಲ್ಲ, ಇಡ್ಲಿ ಹಿಟ್ಟು ಹೊರಗೇ ಉಬ್ಬಿದರೂ ತೊಂದರೆ ಆಗದಿರೋದಕ್ಕೂ ಇದೇ ಕಾರಣ. ನೀವೂ ತಂಗಳು ಮಾಡೋದಾದರೆ ಊಟ ಆದ ತಕ್ಷಣ ಹುಳಿ ಮಜ್ಜಿಗೆ ಬೆರೆಸಿ. ಬೆಳಿಗ್ಗೆ ಎದ್ದು ಬೆರೆಸಿದರೆ ಪ್ರಯೋಜನ ಇಲ್ಲ. ಆದರೂ ಮೂರು ವರ್ಷದ ಮಗು, ಬಸುರಿ, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಿ ಅವರಿಗೆ ಬಿಸಿ ಅಡುಗೆಯನ್ನೇ ಬಡಿಸಿ.

ಮುಂದೆ ಅನ್ನ ಉಳಿದರೆ ಅಗಲವಾದ ತಟ್ಟೆಯಲ್ಲಿ ಹರಡಿ, ಹಬೆ ಹೋದ ಕೂಡಲೇ ಮುಚ್ಚಿ ಫ್ರಿಜ್ಜಿಗೆ ಇಡಿ. ಪೂರ್ತಿ ತಣ್ಣಗಾಗಲಿ ಅಂತ ಕಾಯೋದು ಬೇಡ. ಫ್ರಿಜ್ಜಿನಲ್ಲಿಟ್ಟ ಅನ್ನ ಮಾರನೆ ದಿನ ಮುಗಿಸಿ, ಚೆನ್ನಾಗಿ ಹಬೆ ಬರುವಷ್ಟು ಒಂದೇ ಸಲ ಬಿಸಿ ಮಾಡಿ.

ಪ್ರಶ್ನೆ: ಮಧ್ಯಾಹ್ನದ ತನಕ ಹೊರಗಿದ್ದ ಅನ್ನವನ್ನು ನಾನು ಆಗಲೇ ತಿಂದುಬಿಟ್ಟಿದ್ದೇನೆ. ಈಗ ವಾಂತಿ ಮಾಡಿಕೊಳ್ಳಬೇಕಾ?
— ವಿದ್ಯಾರ್ಥಿ, ಮೈಸೂರು

ಉತ್ತರ: ಬೇಡ. ತಿಂದವರಿಗೆಲ್ಲ ಕಾಯಿಲೆ ಬರಲ್ಲ, ಹೆದರಬೇಡಿ. ಅನ್ನದ ವಿಷದಿಂದ ವಾಂತಿ ಆಗೋದಾದರೆ ಸಾಮಾನ್ಯವಾಗಿ ಆರು ಗಂಟೆಯೊಳಗೆ ಶುರುವಾಗುತ್ತದೆ, ಬಹುಪಾಲು ಜನಕ್ಕೆ ಒಂದು ದಿನದಲ್ಲಿ ವಾಸಿಯಾಗುತ್ತದೆ. ಓಆರ್‌ಎಸ್ ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಯಿರಿ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಇಷ್ಟೇ ಇರಲಿ, ಉಪ್ಪು ಜಾಸ್ತಿಯಾದರೆ ಅಪಾಯ. ವಾಂತಿ ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಜೋರಾದರೆ, ಮೂತ್ರ ತೀರಾ ಕಡಿಮೆಯಾದರೆ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ಹೀಗಾದರೆ ಇಷ್ಟು ಹೊತ್ತೂ ಕಾಯಬೇಡಿ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ಫ್ರಿಜ್ಜಿನಲ್ಲಿರೋದು ಎಷ್ಟು ಹೊತ್ತು ತಡೆಯುತ್ತದೆ?
— ಓದುಗರು, ರಾಯಚೂರು

ಉತ್ತರ: ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ. ಫ್ರೀಜರ್ ತುಂಬಿದ್ದರೆ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ. ಇದು ಬೇರೆ ಬಾಗಿಲಿನ ಫ್ರೀಜರ್ ಲೆಕ್ಕ, ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಪುಟ್ಟ ಐಸ್ ಗೂಡನ್ನು ಅಷ್ಟು ನಂಬಬೇಡಿ. ನಾಲ್ಕು ಗಂಟೆ ಮೀರಿದರೆ ಹಾಲು, ಮಾಂಸ, ಮೀನು, ಪನೀರ್, ಬೇಯಿಸಿದ ಅಡುಗೆ, ಕಾಯಿ ಚಟ್ನಿ ಬೇಡ. ಉಪ್ಪಿನಕಾಯಿ, ಬೆಣ್ಣೆ, ಇಡೀ ತರಕಾರಿಗಳಿಗೆ ಏನಾಗಲ್ಲ. ಮೊಸರು, ಇಡ್ಲಿ ಹಿಟ್ಟು ಇನ್ನಷ್ಟು ಹುಳಿಯಾಗುತ್ತವೆ ಅಷ್ಟೇ. ಊರಿಗೆ ಹೋಗುವಾಗ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲಿ ಬಿಡಿ. ಬಂದಾಗ ನಾಣ್ಯ ತಳ ಸೇರಿದ್ದರೆ ಮಧ್ಯೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಒಳಗಿರೋದನ್ನು ಚೆಲ್ಲಿ.

ಪ್ರಶ್ನೆ: ರಾತ್ರಿ ರೈಲಿನಲ್ಲಿ ಮುಂಬೈಗೆ ಹೊರಟಿದ್ದೇವೆ. ಬುತ್ತಿಗೆ ಏನು ಕಟ್ಟಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕಡೆಯ ಬುತ್ತಿಯೇ ಚಲೋ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಇವುಗಳಲ್ಲಿ ನೀರಿನಂಶ ಕಡಿಮೆ ಅಥವಾ ಉಪ್ಪು, ಹುಳಿ ಜಾಸ್ತಿ, ಹಾಗಾಗಿ ಕೆಡಲ್ಲ. ಎಣ್ಣೆಗಾಯಿ ಪಲ್ಯ ಒಯ್ದರೆ ರೈಲು ಹತ್ತಿದ ಕೂಡಲೇ ಮುಗಿಸಿ. ಕಾಯಿ ಚಟ್ನಿ, ಬೇಯಿಸಿದ ಮೊಟ್ಟೆ ಬೇಡ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ದಾರಿಯಲ್ಲಿ ಹೆಪ್ಪಾಗಲಿ ಅಂತ ಬಿಡುವವರಿದ್ದಾರೆ. ಅದು ಹುಳಿಯಾಗುವ ತನಕ ಬರೀ ಹಾಲನ್ನವೇ. ಆರಿದ ಅನ್ನಕ್ಕೆ ಧಾರಾಳವಾಗಿ ಮೊಸರು ಕಲಸಿಕೊಂಡು ಹೋಗಿ, ರಾತ್ರಿ ಊಟಕ್ಕೇ ತಿಂದುಬಿಡಿ. ಬೆಳಿಗ್ಗೆಗೆ ರೊಟ್ಟಿ, ಚಟ್ನಿಪುಡಿ ಇದ್ದೇ ಇದೆ.