ಬಾಂಬು ಬೀಳದ ಊರಿಗೂ ಬಂದ ಯುದ್ಧ

ಕಂಪ್ಲಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಅಜ್ಜಿಯ ಪೆಟ್ಟಿಗೆಯಲ್ಲಿ 1943ರ ತೂತಿನ ಕಾಸು ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ತವರು ಗಂಗಾವತಿಯಿಂದ ಜೋಳ ತರಲೂ ಬಿಡುತ್ತಿರಲಿಲ್ಲವಂತೆ. ನಮ್ಮ ಕಡೆ ಬಾಂಬೇ ಬೀಳಲಿಲ್ಲ. ಮತ್ತೆ ಇಷ್ಟು ಕಟ್ಟುಪಾಡು ಯಾಕೆ?"

ನಿಮ್ಮ ಅಜ್ಜಿ ಹೇಳಿದ್ದು ನಂಬುವಂಥ ಮಾತೇ. ಆಗ ಕಂಪ್ಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆ ದಾಟಿದರೆ ಗಂಗಾವತಿ, ಅದು ನಿಜಾಮರ ರಾಜ್ಯ. ಹಣವೂ ಬೇರೆ: ಇತ್ತ ಬ್ರಿಟಿಷರ ಕಲ್ದಾರ ರೂಪಾಯಿ, ಅತ್ತ ನಿಜಾಮರ ಹಾಲಿ ಸಿಕ್ಕಾ. 1942ರ ಹೊತ್ತಿಗೆ ಒಂದೊಂದು ಸರ್ಕಾರವೂ ತನ್ನ ಧಾನ್ಯ ಹೊರಗೆ ಹೋಗದಂತೆ ಗಡಿ ಕಟ್ಟಿತು. ತವರಿನ ಜೋಳದ ಚೀಲವೂ ಕಾನೂನಿನ ಕಣ್ಣಲ್ಲಿ ಕಳ್ಳಸಾಗಾಣಿಕೆಯೇ. ಜೊತೆಗೆ ನಿಜಾಮರ ಸರ್ಕಾರ ರೈತರಿಂದ ಲೆವಿ ಎತ್ತುತ್ತಿತ್ತು. ಬೆಳೆದದ್ದರಲ್ಲಿ ಪಾಲನ್ನು ಸರ್ಕಾರದ ದರಕ್ಕೆ ಅಳೆದು ಕೊಡಬೇಕು. ಇಷ್ಟು ಕೊಟ್ಟ ಮೇಲೆ ಸಣ್ಣ ರೈತನ ಹಗೇವಿನಲ್ಲಿ ಏನು ಉಳಿದೀತು?

ನಮ್ಮದು ಜೋಳದ ಸೀಮೆ. 1942ರಲ್ಲಿ ಬರ್ಮಾ ಜಪಾನೀಯರ ಪಾಲಾಗಿ ಅಲ್ಲಿನ ಅಕ್ಕಿ ನಿಂತರೆ ನಮಗೇನು ಅನಿಸಬಹುದು. ಆದರೆ ಅಕ್ಕಿ ಸಿಗದವರು ಜೋಳ, ರಾಗಿಗೆ ಕೈಹಾಕಿದರು. ದರ ಏರಿತು. ಅದಕ್ಕಿಂತ ಜಾಸ್ತಿ ಕೆಡಿಸಿದ್ದು ನೋಟು. ಬ್ರಿಟನ್ ಇಲ್ಲಿಂದ ಯುದ್ಧದ ಸಾಮಾನು ಸಾಲದಲ್ಲಿ ಕೊಂಡಿತು. ಸಾಲದ ಲೆಕ್ಕ ಲಂಡನ್ನಿನಲ್ಲಿ ಪೌಂಡಿನಲ್ಲಿ ಬೆಳೆಯುತ್ತಿತ್ತು, ಇಲ್ಲಿ ಆ ಸಾಮಾನಿಗೆ ಹಣ ಕೊಡಲು ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕುತ್ತಿತ್ತು. 1939ರಿಂದ 1945ರೊಳಗೆ ಚಲಾವಣೆಯ ನೋಟು ಐದು ಪಟ್ಟಿಗೂ ಹೆಚ್ಚಾಯಿತು. ಸಾಮಾನು ಅಷ್ಟು ಹೆಚ್ಚಲಿಲ್ಲ, ಹಾಗಾಗಿ ದರ ಏರುತ್ತಲೇ ಹೋಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಯುದ್ಧದ ಖರ್ಚನ್ನು ಕೊನೆಗೆ ತುಂಬಿದ್ದು ಕೂಲಿಯವರ ಹೊಟ್ಟೆ.

ಆ ಕಾಸಿನ ತೂತು ಅಂದಕ್ಕೆ ಇಟ್ಟದ್ದಲ್ಲ, ಲೋಹ ಉಳಿಸೋಕೆ. ಚಿಲ್ಲರೆಗೂ ಬರ ಬಂದಿತ್ತು. ಬೆಳ್ಳಿ ರೂಪಾಯಿಯಲ್ಲಿ 1940ರಿಂದ ಅರ್ಧದಷ್ಟೇ ಬೆಳ್ಳಿ. ಜನ ಹಳೆಯದನ್ನು ಬಚ್ಚಿಟ್ಟರು. ಬಟ್ಟೆಯದೂ ಹೀಗೇ: ಗಿರಣಿ ಬಟ್ಟೆ ಸೈನ್ಯಕ್ಕೆ ಹೋಯಿತು, ಉಳಿದದ್ದರ ಮೇಲೆ 1943ರಿಂದ ಬೆಲೆಯ ಮುದ್ರೆ ಒತ್ತಬೇಕಾಯಿತು. ಮುದ್ರೆ ಒಂದು ದರ ಹೇಳಿದರೆ ಕಾಳಸಂತೆ ಇನ್ನೊಂದು ಹೇಳುತ್ತಿತ್ತು.

ಹಾಗಂತ ಪಡಿತರವೇ ತಪ್ಪು ಅನ್ನಲಾರೆ. ತಪ್ಪು ತಡವಾಗಿದ್ದರಲ್ಲಿತ್ತು. ಬಂಗಾಳದಲ್ಲಿ 1943ರಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಕಲ್ಕತ್ತೆಗೆ ಪೂರ್ತಿ ಪಡಿತರ ಬಂದದ್ದು 1944ರ ಜನವರಿ ಕೊನೆಗೆ. ಅಷ್ಟು ಹೊತ್ತಿಗೆ ಯಾರಿಗೆ ಬಂದು ಏನು, ಅಲ್ವಾ?

ಯುದ್ಧ 1945ರಲ್ಲೇ ಮುಗಿಯಿತು, ಕಂಟ್ರೋಲ್, ಅಂದರೆ ಸರ್ಕಾರದ ಈ ಕಟ್ಟುಪಾಡು, ಮುಗಿಯಲಿಲ್ಲ. 1947ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಧಾನ್ಯದ ಕಂಟ್ರೋಲ್ ಸಡಿಲಿಸಿತು. ದರ ಜಿಗಿಯಿತು. 1948ರಲ್ಲಿ ಮತ್ತೆ ಬಿಗಿ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನವರೆಗೆ ನಿಮ್ಮ ಅಜ್ಜಿಯ ತವರು ನಿಜಾಮರ ಕೈಯಲ್ಲೇ ಇತ್ತು.